ಟಿಕಿಂಟರ್‌ನಲ್ಲಿ ‘ಇನ್‌ವ್ಯಾಲಿಡ್ ಕಮಾಂಡ್ ನೇಮ್’, ಖಾಲಿ ಎಂಟ್ರಿ, ಆಗೊಮ್ಮೆ ಈಗೊಮ್ಮೆ ಕ್ರ್ಯಾಶ್: ಒಳಗಿರುವ ಟಿಸಿಎಲ್ ಇಂಟರ್‌ಪ್ರಿಟರ್‌ನಲ್ಲಿ ಏನಾಗುತ್ತಿದೆ?

ಪ್ರಶ್ನೆ

ನಮಸ್ಕಾರ. ಅಳತೆಯ ಉಪಕರಣವೊಂದು ಸೀರಿಯಲ್ ಪೋರ್ಟ್ ಮೂಲಕ ಕಳುಹಿಸುವ ಅಂಕಿಗಳನ್ನು ಪರದೆಯ ಮೇಲೆ ತೋರಿಸುವ ಸಣ್ಣ ಪ್ರೋಗ್ರಾಮನ್ನು ಪೈಥಾನ್ ಮತ್ತು ಅದರ ವಿಂಡೋ ಕಟ್ಟುವ ಲೈಬ್ರರಿ ಟಿಕಿಂಟರ್ ಬಳಸಿ ಬರೆದಿದ್ದೇನೆ. ಲಿನಕ್ಸ್, ಪೈಥಾನ್ 3.12, ಟಿಸಿಎಲ್/ಟಿಕೆ 8.6. ಮುಖ್ಯ ವಿಂಡೋದಲ್ಲಿ ಒಂದು ದೊಡ್ಡ ಲೇಬಲ್ ಇದ್ದು, ಪೋರ್ಟ್ ಓದುವ ಪ್ರತ್ಯೇಕ ಥ್ರೆಡ್ (ಮುಖ್ಯ ಕೆಲಸದ ಜೊತೆಗೇ ನಡೆಯುವ ಇನ್ನೊಂದು ಎಳೆ) ಆ ಲೇಬಲ್ಲಿನ ಪಠ್ಯವನ್ನು ನೇರವಾಗಿಯೇ ಬದಲಿಸುತ್ತದೆ. ‘ಸೆಟ್ಟಿಂಗ್ಸ್’ ಬಟನ್ ಒತ್ತಿದರೆ ಎರಡನೆಯ ವಿಂಡೋ ತೆರೆಯುತ್ತದೆ. ಅದನ್ನೂ ಮುಖ್ಯ ವಿಂಡೋದಂತೆಯೇ ‘ಟಿಕೆ()’ ಕರೆದು ಮಾಡಿಕೊಂಡಿದ್ದೇನೆ. ಆದರೆ ಅದಕ್ಕೆ, ಈವೆಂಟುಗಳಿಗೆ ಕಾದು ಅವನ್ನು ನಡೆಸುವ, ಬೇರೆ ‘ಮೇನ್‌ಲೂಪ್’ ಕರೆದಿಲ್ಲ, ಕರೆಯದಿದ್ದರೂ ವಿಂಡೋ ಸರಿಯಾಗಿಯೇ ಸ್ಪಂದಿಸುತ್ತದೆ. ಈಗ ನಾಲ್ಕು ತೊಂದರೆಗಳು ಒಟ್ಟಿಗೆ ಗಂಟುಬಿದ್ದಿವೆ, ಅವುಗಳಿಗೆ ಪರಸ್ಪರ ಸಂಬಂಧವಿದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿಲ್ಲ.

ಮೊದಲನೆಯದು, ಸೆಟ್ಟಿಂಗ್ಸ್ ವಿಂಡೋದ ಎಂಟ್ರಿಗೆ (ಟೈಪ್ ಮಾಡುವ ಪೆಟ್ಟಿಗೆಗೆ) ‘ಸ್ಟ್ರಿಂಗ್‌ವಾರ್(ವ್ಯಾಲ್ಯೂ="9600")’ ಎಂಬ ವೇರಿಯೇಬಲ್ ಜೋಡಿಸಿದ್ದರೂ ಎಂಟ್ರಿ ಖಾಲಿಯಾಗಿ ಕಾಣಿಸುತ್ತದೆ. ಅದರಲ್ಲಿ ನಾನು 19200 ಎಂದು ಟೈಪ್ ಮಾಡಿ ‘ಉಳಿಸು’ ಒತ್ತಿದರೂ ‘ವಾರ್.ಗೆಟ್()’ ಹಳೆಯ 9600 ಅನ್ನೇ ಹಿಂದಿರುಗಿಸುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ. ವಿಚಿತ್ರವೆಂದರೆ ಅದೇ ವಿಂಡೋದಲ್ಲಿರುವ ಚೆಕ್‌ಬಾಕ್ಸ್ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ. ಅದರ ವೇರಿಯೇಬಲ್ಲನ್ನು ಬೇರೆಲ್ಲೋ ನೋಡಿ ‘ಬೂಲಿಯನ್‌ವಾರ್(ಸೆಟ್ಟಿಂಗ್ಸ್)’ ಎಂದು ಬರೆದಿದ್ದೆ.

ಎರಡನೆಯದು, ಪೋರ್ಟ್ ಜೋಡಣೆಯಾಗಿದೆಯೇ ಎಂದು ಸೆಟ್ಟಿಂಗ್ಸ್ ವಿಂಡೋ ‘ಆಫ್ಟರ್’ ಮೂಲಕ ಅರ್ಧ ಸೆಕೆಂಡಿಗೊಮ್ಮೆ ಪರೀಕ್ಷಿಸುತ್ತದೆ. ಆ ವಿಂಡೋವನ್ನು ಮುಚ್ಚಿದ ಕೂಡಲೇ ಟರ್ಮಿನಲ್ಲಿನಲ್ಲಿ ಹೀಗೆ ಕಾಣುತ್ತದೆ:

ಇನ್‌ವ್ಯಾಲಿಡ್ ಕಮಾಂಡ್ ನೇಮ್ "140213775438208ಚೆಕ್_ಪೋರ್ಟ್"

ಇಡೀ ‘ಮೇನ್‌ಲೂಪ್’ ಕರೆಯನ್ನು ‘ಟ್ರೈ–ಎಕ್ಸೆಪ್ಟ್’ ಒಳಗೆ ಇಟ್ಟು ನೋಡಿದೆ, ಅದಕ್ಕೆ ಸಿಕ್ಕಿಬೀಳುವುದಿಲ್ಲ.

ಮೂರನೆಯದು, ತೆರೆದ ಕಡತದ ಹೆಸರನ್ನು ಇನ್ನೊಂದು ಲೇಬಲ್ಲಿನಲ್ಲಿ ತೋರಿಸಲು, ಹಳೆಯ ಟಿಸಿಎಲ್ ಮಾದರಿಯೊಂದನ್ನು ಅನುಸರಿಸಿ, ಕೊಟ್ಟ ಪಠ್ಯವನ್ನು ಟಿಸಿಎಲ್ ಆದೇಶವಾಗಿ ನಡೆಸುವ ‘ರೂಟ್.ಟಿಕೆ.ಇವಾಲ್’ಗೆ ಆ ಹೆಸರನ್ನು ಸೇರಿಸಿದ ಎಫ್‌-ಸ್ಟ್ರಿಂಗ್ ಒಂದನ್ನು ಕಟ್ಟಿ ಕೊಟ್ಟಿದ್ದೇನೆ. ಇದು ತಿಂಗಳುಗಟ್ಟಲೆ ಕೆಲಸ ಮಾಡಿತ್ತು. ಮೊನ್ನೆ ‘ಓದಿಕೆ[1]’ ಎಂಬ ಹೆಸರಿನ ಕಡತ ತೆರೆದಾಗ ‘ಇನ್‌ವ್ಯಾಲಿಡ್ ಕಮಾಂಡ್ ನೇಮ್ "1"’ ಎಂದು ನಿಂತುಹೋಯಿತು.

ನಾಲ್ಕನೆಯದೇ ನಿಜವಾಗಿ ನಿದ್ದೆಗೆಡಿಸಿರುವುದು. ಕೆಲವೊಮ್ಮೆ ಗಂಟೆಗಟ್ಟಲೆ ನಡೆದ ಮೇಲೆ ‘ವೇರಿಯೇಬಲ್.__ಡೆಲ್__’ ಒಳಗಿನಿಂದ ‘ರನ್‌ಟೈಮ್‌ಎರರ್: ಮೇನ್ ಥ್ರೆಡ್ ಈಸ್ ನಾಟ್ ಇನ್ ಮೇನ್ ಲೂಪ್’ ಎಂಬ ಸಂದೇಶ ಬಂದು, ಅದರ ಬೆನ್ನಿಗೇ ‘ಟಿಸಿಎಲ್_ಅಸಿಂಕ್‌ಡಿಲೀಟ್: ಅಸಿಂಕ್ ಹ್ಯಾಂಡ್ಲರ್ ಡಿಲೀಟೆಡ್ ಬೈ ದ ರಾಂಗ್ ಥ್ರೆಡ್’ ಎಂದು ತೋರಿಸಿ ಪ್ರೋಗ್ರಾಮ್ ಸತ್ತೇಹೋಗುತ್ತದೆ. ಮೇನ್‌ಲೂಪ್ ನಡೆಯುತ್ತಲೇ ಇರುವಾಗ ಅದು ನಡೆಯುತ್ತಿಲ್ಲವೆಂದು ಹೇಳುವುದರ ಅರ್ಥವೇನು?

ಪೈಥಾನನ್ನು ಮರಳಿ ಇನ್‌ಸ್ಟಾಲ್ ಮಾಡಿದ್ದಾಯಿತು, ಸಿಕ್ಕಸಿಕ್ಕಲ್ಲಿ ‘ಅಪ್‌ಡೇಟ್()’ ಸೇರಿಸಿದ್ದಾಯಿತು. ಪ್ರಯೋಜನವಾಗಲಿಲ್ಲ.

ಉತ್ತರ 1

ನಿಮ್ಮ ನಾಲ್ಕು ತೊಂದರೆಗಳಲ್ಲಿ ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಎರಡನೆಯ ‘ಟಿಕೆ()’ ಕರೆಯ ನಂಟಿದೆ, ಉಳಿದೆರಡು ಬೇರೆ. ನಾಲ್ಕನೆಯದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅದನ್ನು ಅವರಿಗೆ ಬಿಟ್ಟು ಉಳಿದವುಗಳನ್ನು ಬಿಡಿಸಲು ಯತ್ನಿಸುತ್ತೇನೆ.

ಟಿಕಿಂಟರ್ ತಾನಾಗಿ ಒಂದು ಬಟನ್ನನ್ನೂ ಬಿಡಿಸುವುದಿಲ್ಲ. ಅದು ಪೈಥಾನ್ ಪ್ರಕ್ರಿಯೆಯ ಒಳಗೆ ಟಿಸಿಎಲ್ ಭಾಷೆಯ ಆದೇಶಗಳನ್ನು ಓದಿ ನಡೆಸುವ ಇಂಟರ್‌ಪ್ರಿಟರ್ ಒಂದನ್ನು ಕೂರಿಸಿ, ನೀವು ಬರೆದ ಪ್ರತಿಯೊಂದು ವಿಜೆಟ್ (ಬಟನ್, ಲೇಬಲ್ ಮುಂತಾದ ಭಾಗ) ಕರೆಯನ್ನೂ ಟಿಸಿಎಲ್ ಆದೇಶವಾಗಿ ಪರಿವರ್ತಿಸಿ ಅದಕ್ಕೆ ಒಪ್ಪಿಸುತ್ತದೆ. ಜಾನ್ ಔಸ್ಟರ್‌ಹೌಟ್ ಅವರು 1988ರಲ್ಲಿ ಬರ್ಕ್ಲಿಯಲ್ಲಿ ಟಿಸಿಎಲ್ ಅನ್ನು ರೂಪಿಸಿದ್ದೇ ಹೀಗೆ ಬೇರೆ ಪ್ರೋಗ್ರಾಮುಗಳ ಒಳಗೆ ಕೂರಿಸಲೆಂದು. ಟಿಕೆ ಅದರ ಮೇಲೆ ಬೆಳೆದ, ವಿಂಡೋಗಳನ್ನು ಬಿಡಿಸುವ ಸಲಕರಣೆ. ರೂಬಿಯ ಟಿಕೆ ಲೈಬ್ರರಿಯಲ್ಲಿಯೂ ಆರ್ ಭಾಷೆಯ ‘ಟಿಸಿಎಲ್‌ಟಿಕೆ’ ಪ್ಯಾಕೇಜಿನಲ್ಲಿಯೂ ಇದೇ ಏರ್ಪಾಡಿದೆ. ಈ ಒಳಗಿನ ಇಂಟರ್‌ಪ್ರಿಟರ್‌ಗೆ ಪೈಥಾನಿನ ಆಬ್ಜೆಕ್ಟುಗಳೆಂದರೆ ಏನೆಂದು ತಿಳಿಯದು. ಅದಕ್ಕೆ ಗೊತ್ತಿರುವುದು ಹೆಸರುಗಳು ಮಾತ್ರ.

ಈಗ ನಿಮ್ಮ ಖಾಲಿ ಎಂಟ್ರಿಯನ್ನು ನೋಡೋಣ. ಪ್ರತಿಯೊಂದು ‘ಟಿಕೆ()’ ಕರೆಯೂ ಹೊಸ ಟಿಸಿಎಲ್ ಇಂಟರ್‌ಪ್ರಿಟರ್ ಒಂದನ್ನು ಸೃಷ್ಟಿಸುತ್ತದೆ, ಪ್ರತಿಯೊಂದಕ್ಕೂ ಅದರದೇ ಆದ ವೇರಿಯೇಬಲ್ಲುಗಳು, ಅದರದೇ ಆದ ಕಮಾಂಡುಗಳು, ಅದರದೇ ಆದ ಚಿತ್ರಗಳು ಇರುತ್ತವೆ. ‘ಸ್ಟ್ರಿಂಗ್‌ವಾರ್’ಗೆ ಮಾಸ್ಟರ್ ಯಾರೆಂದು ನೀವು ಹೇಳದಿದ್ದಾಗ ಅದು ಮೊದಲು ಹುಟ್ಟಿದ ‘ಟಿಕೆ’ಯನ್ನೇ ಒಡೆಯನೆಂದು ಭಾವಿಸಿ, ಮೊದಲ ಇಂಟರ್‌ಪ್ರಿಟರ್ ಒಳಗೆ ‘ಪಿವೈ_ವಾರ್0’ ಎಂಬಂತಹ ಹೆಸರಿನಲ್ಲಿ 9600 ಅನ್ನು ಬರೆದಿಡುತ್ತದೆ. ಎಂಟ್ರಿ ಹುಟ್ಟುವುದು ಎರಡನೆಯ ಇಂಟರ್‌ಪ್ರಿಟರ್ ಒಳಗೆ. ಅದಕ್ಕೆ ಪೈಥಾನ್ ಹೇಳುವುದು ‘ಪಿವೈ_ವಾರ್0 ಎಂಬ ವೇರಿಯೇಬಲ್ಲನ್ನು ತೋರಿಸು’ ಎಂದಷ್ಟೇ. ಅಲ್ಲಿ ಆ ಹೆಸರಿನದು ಯಾವುದೂ ಇಲ್ಲದ ಕಾರಣ ಟಿಕೆ ಮರುಮಾತಿಲ್ಲದೆ ಖಾಲಿ ವೇರಿಯೇಬಲ್ ಒಂದನ್ನು ಸೃಷ್ಟಿಸಿಕೊಳ್ಳುತ್ತದೆ. ನೀವು ಟೈಪ್ ಮಾಡಿದ 19200 ಈ ಎರಡನೆಯ ‘ಪಿವೈ_ವಾರ್0’ರಲ್ಲಿ ಕುಳಿತಿರುತ್ತದೆ, ‘ವಾರ್.ಗೆಟ್()’ ಮೊದಲನೆಯದನ್ನು ಓದುತ್ತದೆ. ಎರಡು ಮನೆಗಳಲ್ಲಿ ಒಂದೇ ಹೆಸರಿನ ಇಬ್ಬರಿದ್ದು, ಒಬ್ಬರಿಗೆ ಬರೆದ ಕಾಗದಕ್ಕೆ ಇನ್ನೊಬ್ಬರಿಂದ ಉತ್ತರ ಕಾದಂತೆ. ಚೆಕ್‌ಬಾಕ್ಸ್ ಸರಿಯಾಗಿರುವುದು ಅದರ ವೇರಿಯೇಬಲ್ಲಿಗೆ ನೀವು ಸೆಟ್ಟಿಂಗ್ಸ್ ವಿಂಡೋವನ್ನು ಮಾಸ್ಟರ್ ಎಂದು ಕೊಟ್ಟಿದ್ದರಿಂದ.

ನನ್ನ ಮಾತನ್ನು ನಂಬಬೇಕಿಲ್ಲ, ಇಂಟರ್‌ಪ್ರಿಟರ್ ಅನ್ನೇ ಕೇಳಬಹುದು. ‘ಎಂಟ್ರಿ.ಟಿಕೆ ಈಸ್ ವಾರ್._ಟಿಕೆ’ ಎಂದು ಪರೀಕ್ಷಿಸಿದರೆ ‘ಫಾಲ್ಸ್’ ಬರುತ್ತದೆ. ‘ಎಂಟ್ರಿ.ಟಿಕೆ.ಇವಾಲ್’ಗೆ ‘ಸೆಟ್ ಪಿವೈ_ವಾರ್0’ ಎಂದು ಕೊಟ್ಟರೆ (ಸರಿಯಾದ ಹೆಸರನ್ನು ‘ಸ್ಟ್ರ್(ವಾರ್)’ ತಿಳಿಸುತ್ತದೆ) ನೀವು ಟೈಪ್ ಮಾಡಿದ 19200 ಅಲ್ಲಿ ಸಿಗುತ್ತದೆ. ಇಂತಹ ತೊಂದರೆ ಬಂದಾಗಲೆಲ್ಲ ಪೈಥಾನ್ ಕಡೆಯಿಂದ ಊಹಿಸುತ್ತ ಕೂರುವುದಕ್ಕಿಂತ ಹೀಗೆ ಒಳಗಿಳಿದು ಕೇಳುವುದು ಎಷ್ಟೋ ಬೇಗ ದಾರಿ ತೋರಿಸುತ್ತದೆ ಎಂಬುದು ನನ್ನ ಅನುಭವ.

ಪರಿಹಾರ: ಎರಡನೆಯ ವಿಂಡೋವನ್ನು ‘ಟಾಪ್‌ಲೆವೆಲ್(ರೂಟ್)’ ಮಾಡಿ. ಅದರ ಜೊತೆಗೆ ಪ್ರೋಗ್ರಾಮಿನ ಆರಂಭದಲ್ಲಿಯೇ ‘ಟಿಕಿಂಟರ್.ನೋಡಿಫಾಲ್ಟ್‌ರೂಟ್()’ ಎಂದು ಕರೆಯಿರಿ. ಆಮೇಲೆ ಮಾಸ್ಟರ್ ಕೊಡದೆ ವೇರಿಯೇಬಲ್ ಅಥವಾ ವಿಜೆಟ್ ಸೃಷ್ಟಿಸಲು ಹೋದರೆ ಅಲ್ಲಿಯೇ ದೋಷ ಎದ್ದು, ಮೌನವಾಗಿ ತಪ್ಪು ಮನೆ ಸೇರುವುದು ತಪ್ಪುತ್ತದೆ. ‘ಇಮೇಜ್ "ಪೈಇಮೇಜ್1" ಡಸಂಟ್ ಎಗ್ಸಿಸ್ಟ್’ ಎಂಬ ಸಂದೇಶ ಎಂದಾದರೂ ನಿಮಗೆ ಎದುರಾದರೆ ಅದರ ಹಿಂದೆಯೂ ಬಹುಪಾಲು ಇದೇ ಕಥೆ ಇರುತ್ತದೆ.

ಇನ್ನು ‘ಇನ್‌ವ್ಯಾಲಿಡ್ ಕಮಾಂಡ್ ನೇಮ್’. ಇದೇ ಮಾತು ನಿಮಗೆ ಎರಡು ಕಡೆ ಬಂದಿದೆ, ಎರಡರ ಕಾರಣವೂ ಬೇರೆ ಬೇರೆ. ಉದ್ಧರಣ ಚಿಹ್ನೆಗಳ ನಡುವೆ ಇರುವ ಹೆಸರನ್ನು ಗಮನವಿಟ್ಟು ಓದಿದರೆ ಕಾರಣ ಅಲ್ಲಿಯೇ ಇದೆ. ಉದ್ದನೆಯ ಅಂಕಿಯ ಹಿಂದೆ ನಿಮ್ಮ ಫಂಕ್ಷನ್ ಹೆಸರು ಅಂಟಿಕೊಂಡಿದ್ದರೆ, ಅದು ಪೈಥಾನ್ ಫಂಕ್ಷನ್ನಿಗಾಗಿ ಟಿಕಿಂಟರ್ ನೋಂದಾಯಿಸಿದ್ದ ಟಿಸಿಎಲ್ ಕಮಾಂಡು, ಈಗ ಅಳಿಸಿಹೋಗಿದೆ ಎಂದರ್ಥ. ಚುಕ್ಕೆಯಿಂದ ಆರಂಭವಾಗಿ ‘.!ಟಾಪ್‌ಲೆವೆಲ್.!ಲೇಬಲ್’ ಎಂಬಂತಿದ್ದರೆ ಅದು ನಾಶವಾದ ವಿಜೆಟ್. ಟಿಕೆಯಲ್ಲಿ ವಿಜೆಟ್ಟಿನ ಹಾದಿಯ ಹೆಸರೇ ಅದನ್ನು ನಡೆಸುವ ಕಮಾಂಡೂ ಹೌದು. ಆ ಹೆಸರು ನಿಮ್ಮ ದತ್ತಾಂಶದ ಚೂರಿನಂತೆ ಕಂಡರೆ, ನಿಮ್ಮ ‘1’ ಇದ್ದಂತೆ, ಟಿಸಿಎಲ್ ನಿಮ್ಮ ಪಠ್ಯವನ್ನು ಕಾರ್ಯಕ್ರಮವೆಂದು ಓದಿದೆ.

ಚೌಕ ಆವರಣದೊಳಗೆ ಇರುವುದನ್ನು ಆದೇಶವೆಂದು ನಡೆಸಿ, ಅದರ ಫಲವನ್ನು ಆ ಜಾಗದಲ್ಲಿ ಇಡುವುದು ಟಿಸಿಎಲ್‌ನ ಮೂಲಭೂತ ನಿಯಮ. ‘ಓದಿಕೆ[1]’ ಎಂಬುದನ್ನು ಜೋಡಿ ಉದ್ಧರಣದೊಳಗೆ ಇಟ್ಟರೂ ಈ ನಿಯಮ ತಪ್ಪುವುದಿಲ್ಲ. ಆದ್ದರಿಂದ ಅದು ‘1’ ಎಂಬ ಕಮಾಂಡನ್ನು ಹುಡುಕಿ ಸೋತಿತು. ಡಾಲರ್ ಚಿಹ್ನೆ ಇರುವ ಹೆಸರು ಬಂದಿದ್ದರೆ ವೇರಿಯೇಬಲ್ ಇಲ್ಲವೆಂಬ ದೂರು ಬರುತ್ತಿತ್ತು. ಸುರುಳಿ ಆವರಣ ಸುತ್ತಿದರೆ ಸಾಕು ಎಂದು ಕೆಲವರು ಹೇಳುತ್ತಾರೆ, ಹೆಸರಿನೊಳಗೇ ಒಂಟಿ ಸುರುಳಿ ಆವರಣ ಬಂದ ದಿನ ಅದೂ ಮುರಿಯುತ್ತದೆ. ‘ಇವಾಲ್’ ಬಿಟ್ಟು

ರೂಟ್.ಟಿಕೆ.ಕಾಲ್(ಲೇಬಲ್, "ಕಾನ್ಫಿಗರ್", "-ಟೆಕ್ಸ್ಟ್", ಹೆಸರು)

ಎಂದು ಬರೆಯಿರಿ. ಇಲ್ಲಿ ಪ್ರತಿಯೊಂದು ವಾದವೂ ಒಂದೊಂದು ಇಡಿಯ ಮೌಲ್ಯವಾಗಿ ಹೋಗುವುದರಿಂದ ಅದರೊಳಗಿನ ಚಿಹ್ನೆಗಳನ್ನು ಯಾರೂ ಬಿಡಿಸಿ ಓದುವುದಿಲ್ಲ. ನಿಮ್ಮ ಸಂದರ್ಭದಲ್ಲಿ ಅದೂ ಬೇಡ, ‘ಲೇಬಲ್.ಕಾನ್ಫಿಗರ್(ಟೆಕ್ಸ್ಟ್=ಹೆಸರು)’ ಸಾಕು, ಒಳಗೆ ಅದು ಮಾಡುವುದೂ ಇದನ್ನೇ. ಹೊರಗಿನಿಂದ ಬಂದ ಪಠ್ಯವನ್ನು ‘ಇವಾಲ್’ಗೆ ಕೊಡುವುದು ಬರಿಯ ಅನಾನುಕೂಲವಲ್ಲ, ಅಪಾಯ ಕೂಡ: ಟಿಕಿಂಟರ್ ತನ್ನ ಇಂಟರ್‌ಪ್ರಿಟರ್‌ನಿಂದ ‘ಎಗ್ಸಿಟ್’ ಕಮಾಂಡನ್ನು ತೆಗೆದುಹಾಕಿದ್ದರೂ ‘ಎಕ್ಸೆಕ್’ ಹಾಗೆಯೇ ಉಳಿದಿದೆ, ಕಡತಕ್ಕೆ ‘[ಎಕ್ಸೆಕ್ …]’ ಎಂದು ಹೆಸರಿಟ್ಟವರು ನಿಮ್ಮ ಗಣಕದಲ್ಲಿ ತಮಗೆ ಬೇಕಾದ ಆದೇಶವನ್ನು ನಡೆಸಬಲ್ಲರು.

‘ಅಪ್‌ಡೇಟ್()’ಗಳನ್ನೆಲ್ಲ ದಯವಿಟ್ಟು ಕಿತ್ತುಹಾಕಿ. ಅದು ಕಾದಿರುವ ಎಲ್ಲ ಈವೆಂಟುಗಳನ್ನೂ ಅಲ್ಲಿಯೇ ನಡೆಸಿಬಿಡುವುದರಿಂದ, ಒಂದು ಕಾಲ್‌ಬ್ಯಾಕ್ ಅರ್ಧದಲ್ಲಿರುವಾಗಲೇ ಅದೇ ಕಾಲ್‌ಬ್ಯಾಕ್ ಮತ್ತೊಮ್ಮೆ ಒಳಹೊಕ್ಕು ಹೊಸ ಗೋಜಲು ಮಾಡುತ್ತದೆ.

ಉತ್ತರ 2

ನಾಲ್ಕನೆಯದರ ಬಗ್ಗೆ ಬರೆಯುತ್ತೇನೆ. ಇದನ್ನು ಹಿಡಿಯಲು ನಾನೂ ಒಮ್ಮೆ ಒಂದು ವಾರ ಕಳೆದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಟಿಸಿಎಲ್ ಇಂಟರ್‌ಪ್ರಿಟರ್ ತಾನು ಹುಟ್ಟಿದ ಥ್ರೆಡ್ಡಿಗೆ ಕಟ್ಟುಬಿದ್ದಿರುತ್ತದೆ. ಅದನ್ನು ಅಳಿಸುವ ಕೆಲಸವೂ ಅದೇ ಥ್ರೆಡ್ಡಿನಲ್ಲಿ ನಡೆಯಬೇಕು. ಬೇರೆ ಥ್ರೆಡ್ ಅಳಿಸಲು ಹೋದರೆ ಟಿಸಿಎಲ್ ಯಾವ ಎಕ್ಸೆಪ್ಷನ್ನನ್ನೂ ಎಬ್ಬಿಸದೆ ಇಡೀ ಪ್ರಕ್ರಿಯೆಯನ್ನೇ ‘ಅಬಾರ್ಟ್’ ಮಾಡುತ್ತದೆ. ನಿಮ್ಮ ಸಂದೇಶದಲ್ಲಿ ‘ರಾಂಗ್ ಥ್ರೆಡ್’ ಎಂದಿರುವುದು ಇದನ್ನೇ. ಸರಿ, ಆದರೆ ನೀವು ಎಲ್ಲಿಯೂ ಪೋರ್ಟ್ ಥ್ರೆಡ್ಡಿನಿಂದ ವಿಂಡೋ ಮುಚ್ಚಿಲ್ಲವಲ್ಲ. ಮುಚ್ಚಿದ್ದು ಮುಖ್ಯ ಥ್ರೆಡ್ಡಿನಲ್ಲಿಯೇ. ಹಾಗಾದರೆ ಅಳಿಸಿದವರು ಯಾರು?

ಬಳಕೆ ಮುಗಿದ ಆಬ್ಜೆಕ್ಟುಗಳನ್ನು ಗುಡಿಸುವ ಪೈಥಾನಿನ ಗಾರ್ಬೇಜ್ ಕಲೆಕ್ಟರ್. ‘ಸೆಟ್ಟಿಂಗ್ಸ್.ಡೆಸ್ಟ್ರಾಯ್()’ ಕರೆದಾಗ ವಿಂಡೋ ಮಾಯವಾಗುತ್ತದೆಯೇ ಹೊರತು ಇಂಟರ್‌ಪ್ರಿಟರ್ ಅಳಿಯುವುದಿಲ್ಲ; ಅದು ಅಳಿಯುವುದು ಅದನ್ನು ಹಿಡಿದಿರುವ ಪೈಥಾನ್ ಆಬ್ಜೆಕ್ಟ್ ಅಳಿದಾಗ. ವಿಜೆಟ್ಟು ತನ್ನ ಮಾಸ್ಟರ್ ಅನ್ನೂ, ಕಾಲ್‌ಬ್ಯಾಕುಗಳು ನಿಮ್ಮ ಕ್ಲಾಸನ್ನೂ, ಕ್ಲಾಸು ಮತ್ತೆ ವಿಜೆಟ್ಟನ್ನೂ ಹಿಡಿದುಕೊಂಡು ಸುತ್ತುಗಟ್ಟಿರುವುದರಿಂದ ರೆಫರೆನ್ಸ್ ಎಣಿಕೆ ಎಂದಿಗೂ ಸೊನ್ನೆಗೆ ಇಳಿಯದೆ, ಆ ಇಡೀ ಗುಂಪು ಗಾರ್ಬೇಜ್ ಕಲೆಕ್ಟರ್‌ಗಾಗಿ ಕಾಯುತ್ತಿರುತ್ತದೆ. ಕಲೆಕ್ಟರ್‌ಗೆ ಅದರದೇ ಆದ ಥ್ರೆಡ್ ಇಲ್ಲ. ಹೊಸ ಆಬ್ಜೆಕ್ಟುಗಳ ಎಣಿಕೆ ಮಿತಿ ದಾಟಿದ ಕ್ಷಣದಲ್ಲಿ ಯಾವ ಥ್ರೆಡ್ ನಡೆಯುತ್ತಿತ್ತೋ ಅದರಲ್ಲಿಯೇ ಅದು ಓಡುತ್ತದೆ. ನಿಮ್ಮಲ್ಲಿ ಬಿಡುವಿಲ್ಲದೆ ಹೊಸ ಆಬ್ಜೆಕ್ಟುಗಳನ್ನು ಮಾಡುತ್ತಿರುವುದು ಪೋರ್ಟ್ ಓದುವ ಥ್ರೆಡ್. ಆದ್ದರಿಂದ ಬೇಗವೋ ತಡವಾಗಿಯೋ ನಿಮ್ಮ ಮುಚ್ಚಿದ ಸೆಟ್ಟಿಂಗ್ಸ್ ವಿಂಡೋದ ಅಂತ್ಯಕ್ರಿಯೆ ತಪ್ಪು ಥ್ರೆಡ್ಡಿನಲ್ಲಿ ನಡೆದೇ ನಡೆಯುತ್ತದೆ. ಸೆಟ್ಟಿಂಗ್ಸ್ ತೆರೆಯದ ದಿನ ಕ್ರ್ಯಾಶ್ ಆಗಿರಲಾರದು ಎಂದುಕೊಳ್ಳುತ್ತೇನೆ.

ಅದಕ್ಕೂ ಮೊದಲು ಬಂದ ‘ಮೇನ್ ಲೂಪ್’ ಸಂದೇಶ ಕೂಡ ಇದೇ ಅಂತ್ಯಕ್ರಿಯೆಯ ಭಾಗ. ನಿಮ್ಮ ‘ಬೂಲಿಯನ್‌ವಾರ್’ ಅಳಿಯುವಾಗ ಅದರ ‘__ಡೆಲ್__’ ಟಿಸಿಎಲ್ ಕಡೆಯ ವೇರಿಯೇಬಲ್ಲನ್ನೂ ತೆಗೆಯಲು ಹೊರಡುತ್ತದೆ. ಬೇರೆ ಥ್ರೆಡ್ಡಿನಿಂದ ಬಂದ ಕರೆಯನ್ನು ಟಿಕಿಂಟರ್ ನೇರವಾಗಿ ನಡೆಸದೆ, ಇಂಟರ್‌ಪ್ರಿಟರ್ ಹುಟ್ಟಿದ ಥ್ರೆಡ್ಡಿನ ಈವೆಂಟ್ ಸಾಲಿಗೆ ಸೇರಿಸಿ ಉತ್ತರಕ್ಕಾಗಿ ಕಾಯುತ್ತದೆ. ಸೇರಿಸುವ ಮೊದಲು ಆ ಇಂಟರ್‌ಪ್ರಿಟರ್‌ನ ಮೇನ್‌ಲೂಪ್ ನಡೆಯುತ್ತಿದೆಯೇ ಎಂದು ಸುಮಾರು 1 ಸೆಕೆಂಡ್ ನೋಡಿ, ಇಲ್ಲವಾದರೆ ಈ ‘ರನ್‌ಟೈಮ್‌ಎರರ್’ ಎಬ್ಬಿಸುತ್ತದೆ. ‘ನಡೆಯುತ್ತಿದೆ’ ಎಂಬ ಗುರುತನ್ನು ಪ್ರತಿ ಇಂಟರ್‌ಪ್ರಿಟರ್‌ಗೂ ಪ್ರತ್ಯೇಕವಾಗಿ ಇಡಲಾಗುತ್ತದೆ, ಯಾವುದರ ಮೇಲೆ ‘ಮೇನ್‌ಲೂಪ್()’ ಕರೆದಿರೋ ಅದಕ್ಕೆ ಮಾತ್ರ. ನೀವು ಕರೆದದ್ದು ರೂಟ್ ಮೇಲೆ. ಒಂದೇ ಥ್ರೆಡ್ಡಿನ ಈವೆಂಟ್ ಸಾಲು ಎರಡಕ್ಕೂ ಸಮಾನವಾದ್ದರಿಂದ ಸೆಟ್ಟಿಂಗ್ಸ್ ವಿಂಡೋ ಜೀವಂತವಾಗಿ ಕಾಣುತ್ತಿತ್ತು, ಆದರೆ ಅದರ ಗುರುತು ಎಂದೂ ಏರಿರಲಿಲ್ಲ. ಸಂದೇಶ ಸುಳ್ಳಲ್ಲ, ಯಾವ ಲೂಪಿನ ಮಾತಾಡುತ್ತಿದೆ ಎಂದು ಹೇಳದೆ ದಾರಿ ತಪ್ಪಿಸುತ್ತದೆ ಅಷ್ಟೆ.

ಗಂಟೆಗಟ್ಟಲೆ ಕಾಯದೆ ಇದನ್ನು ಖಚಿತಪಡಿಸಿಕೊಳ್ಳುವ ವಿಧಾನವಿದೆ. ಪೋರ್ಟ್ ಥ್ರೆಡ್ಡಿನ ಲೂಪಿನೊಳಗೆ ಪರೀಕ್ಷೆಗೆಂದು ‘ಜಿಸಿ.ಕಲೆಕ್ಟ್()’ ಎಂಬ ಸಾಲನ್ನು ಸೇರಿಸಿ, ಆರಂಭದಲ್ಲಿ ‘ಫಾಲ್ಟ್‌ಹ್ಯಾಂಡ್ಲರ್.ಎನೇಬಲ್()’ ಕರೆದು, ಸೆಟ್ಟಿಂಗ್ಸ್ ತೆರೆದು ಮುಚ್ಚಿ. ನನ್ನ ಊಹೆ ಸರಿಯಿದ್ದರೆ ಮುಚ್ಚಿದ ಸ್ವಲ್ಪ ಹೊತ್ತಿನಲ್ಲಿಯೇ ಪ್ರೋಗ್ರಾಮ್ ಸಾಯುತ್ತದೆ, ಸಾಯುವಾಗ ಪ್ರತಿ ಥ್ರೆಡ್ ಯಾವ ಸಾಲಿನಲ್ಲಿತ್ತು ಎಂಬುದನ್ನೂ ತೋರಿಸುತ್ತದೆ.

ಪರಿಹಾರ ಮೇಲಿನವರು ಹೇಳಿದ್ದೇ: ಇಡೀ ಪ್ರೋಗ್ರಾಮಿಗೆ ಒಂದೇ ‘ಟಿಕೆ()’. ಯಾವುದೋ ಕಾರಣಕ್ಕೆ ಎರಡು ಬೇಕೇ ಬೇಕೆಂದಾದರೆ, ಎರಡನೆಯದನ್ನು ಮುಚ್ಚಿದ ಮೇಲೆ ಅದರತ್ತ ಬೆರಳು ಮಾಡುವ ಎಲ್ಲ ರೆಫರೆನ್ಸುಗಳನ್ನೂ ಬಿಟ್ಟು, ಮುಖ್ಯ ಥ್ರೆಡ್ಡಿನಲ್ಲಿಯೇ ‘ಜಿಸಿ.ಕಲೆಕ್ಟ್()’ ಕರೆಯಬಹುದು. ಎಲ್ಲೋ ಒಂದು ರೆಫರೆನ್ಸ್ ಉಳಿದುಬಿಟ್ಟರೆ ಮತ್ತೆ ಮೊದಲಿನ ಪಾಡೇ, ಹಾಗಾಗಿ ನಾನಂತೂ ಈ ದಾರಿ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೊದಲು ಪರೀಕ್ಷೆ ಮಾಡಿದೆ. ‘ಎಂಟ್ರಿ.ಟಿಕೆ ಈಸ್ ವಾರ್._ಟಿಕೆ’ ಎಂಬುದಕ್ಕೆ ‘ಫಾಲ್ಸ್’ ಬಂತು, ಎರಡನೆಯ ಇಂಟರ್‌ಪ್ರಿಟರ್‌ನಲ್ಲಿ ನನ್ನ 19200 ಭದ್ರವಾಗಿ ಕುಳಿತಿತ್ತು. ಪೋರ್ಟ್ ಥ್ರೆಡ್ಡಿನಲ್ಲಿ ‘ಜಿಸಿ.ಕಲೆಕ್ಟ್()’ ಸೇರಿಸಿದ ಮೇಲೆ, ಸೆಟ್ಟಿಂಗ್ಸ್ ಮುಚ್ಚಿದ ಪ್ರತಿ ಸಲವೂ ಕೆಲವೇ ಕ್ಷಣಗಳಲ್ಲಿ ಕ್ರ್ಯಾಶ್ ಆಯಿತು. ಇಷ್ಟು ದಿನ ಕೈಗೆ ಸಿಗದಿದ್ದದ್ದು ಹೀಗೆ ಕರೆದಾಗಲೆಲ್ಲ ಬಂದದ್ದನ್ನು ಕಂಡು ಸಂತೋಷಪಡಬೇಕೋ ಏನೋ ತಿಳಿಯಲಿಲ್ಲ.

ಈಗ ಸೆಟ್ಟಿಂಗ್ಸ್ ವಿಂಡೋವನ್ನು ‘ಟಾಪ್‌ಲೆವೆಲ್’ ಮಾಡಿದ್ದೇನೆ, ‘ನೋಡಿಫಾಲ್ಟ್‌ರೂಟ್()’ ಕರೆದಿದ್ದೇನೆ. ಅದು ನಾನು ಗಮನಿಸದೇ ಇದ್ದ ಇನ್ನೂ ಎರಡು ಮಾಸ್ಟರ್ ಇಲ್ಲದ ವೇರಿಯೇಬಲ್ಲುಗಳನ್ನು ಹಿಡಿದುಕೊಟ್ಟಿತು. ಎಂಟ್ರಿ ಸರಿಯಾಗಿದೆ, ಕಡತದ ಹೆಸರಿನ ತೊಂದರೆ ಇಲ್ಲ, ಕ್ರ್ಯಾಶ್ ಇಲ್ಲ.

ಆದರೆ ‘140…ಚೆಕ್_ಪೋರ್ಟ್’ ಎಂಬ ಸಂದೇಶ ಇನ್ನೂ ಬರುತ್ತಿದೆ. ಸೆಟ್ಟಿಂಗ್ಸ್ ಮುಚ್ಚಿದಾಗ ಒಂದೇ ಒಂದು ಸಲ. ಈಗ ಇರುವುದು ಒಂದೇ ಇಂಟರ್‌ಪ್ರಿಟರ್ ಆದ್ದರಿಂದ ಇದು ಹೋಗಬೇಕಿತ್ತಲ್ಲವೇ? ಎಲ್ಲ ‘ಆಫ್ಟರ್’ ಕರೆಗಳನ್ನೂ ‘ಸೆಟ್ಟಿಂಗ್ಸ್.ಆಫ್ಟರ್’ ಬದಲು ‘ರೂಟ್.ಆಫ್ಟರ್’ ಎಂದು ಬದಲಿಸಿ ನೋಡಿದೆ, ಆಗ ಬೇರೆ ಹೆಸರಿನಲ್ಲಿ ಅದೇ ದೂರು ಬಂತು: ‘ಇನ್‌ವ್ಯಾಲಿಡ್ ಕಮಾಂಡ್ ನೇಮ್ ".!ಟಾಪ್‌ಲೆವೆಲ್.!ಲೇಬಲ್"’.

ಉತ್ತರ 1

ನನ್ನ ಮೊದಲ ಉತ್ತರದಲ್ಲಿ ಇದನ್ನು ಬಿಡಿಸಿ ಹೇಳಬೇಕಿತ್ತು, ತಪ್ಪು ನನ್ನದು. ಎರಡನೆಯ ‘ಟಿಕೆ()’ ಇದ್ದರೂ ಇಲ್ಲದಿದ್ದರೂ ಈ ದೂರು ಬರುತ್ತದೆ.

‘ಸೆಟ್ಟಿಂಗ್ಸ್.ಆಫ್ಟರ್(500, ಚೆಕ್_ಪೋರ್ಟ್)’ ಎಂದಾಗ ಎರಡು ಕೆಲಸಗಳು ನಡೆಯುತ್ತವೆ. ಟಿಕಿಂಟರ್ ನಿಮ್ಮ ಫಂಕ್ಷನ್ನಿಗೆ, ಸುತ್ತುಹೊದಿಕೆಯ ವಿಳಾಸದ ಅಂಕಿ ಮತ್ತು ಫಂಕ್ಷನ್ನಿನ ಹೆಸರನ್ನು ಸೇರಿಸಿ, ಟಿಸಿಎಲ್ ಕಮಾಂಡ್ ಒಂದನ್ನು ಹುಟ್ಟಿಸುತ್ತದೆ, ಅದನ್ನು ಸೆಟ್ಟಿಂಗ್ಸ್ ವಿಂಡೋದ ಲೆಕ್ಕಕ್ಕೆ ಬರೆದಿಡುತ್ತದೆ. ಆಮೇಲೆ ‘500 ಮಿಲಿಸೆಕೆಂಡ್ ಕಳೆದ ಮೇಲೆ ಈ ಹೆಸರಿನ ಕಮಾಂಡನ್ನು ನಡೆಸು’ ಎಂದು ಟಿಸಿಎಲ್ ಟೈಮರ್‌ಗೆ ಹೇಳುತ್ತದೆ. ವಿಂಡೋ ನಾಶವಾದಾಗ ಅದರ ಲೆಕ್ಕದಲ್ಲಿದ್ದ ಕಮಾಂಡುಗಳೆಲ್ಲ ಅಳಿಯುತ್ತವೆ. ಟೈಮರ್ ಅಳಿಯುವುದಿಲ್ಲ, ಅದು ಇಂಟರ್‌ಪ್ರಿಟರ್‌ಗೆ ಸೇರಿದ್ದು, ವಿಂಡೋಗೆ ಸೇರಿದ್ದಲ್ಲ. ಅರ್ಧ ಸೆಕೆಂಡಿನ ಒಳಗೆ ಅದು ಎದ್ದು, ಇಲ್ಲದ ಹೆಸರನ್ನು ಕೂಗುತ್ತದೆ. ಕಮಾಂಡ್ ಸಿಗದೇ ಹೋದದ್ದು ಟಿಸಿಎಲ್ ಒಳಗಿನ ಘಟನೆ, ಪೈಥಾನಿನ ಒಂದು ಸಾಲೂ ಅಲ್ಲಿ ನಡೆದಿಲ್ಲ. ಆದ್ದರಿಂದಲೇ ನಿಮ್ಮ ‘ಟ್ರೈ–ಎಕ್ಸೆಪ್ಟ್’ಗೆ ಅದು ಸಿಗಲಿಲ್ಲ. ‘ಚೆಕ್_ಪೋರ್ಟ್’ ನಡೆಯದ ಕಾರಣ ಮುಂದಿನ ಟೈಮರ್ ಹೂಡಲ್ಪಡುವುದಿಲ್ಲ, ಅದಕ್ಕೇ ಒಂದೇ ಸಲ.

‘ರೂಟ್.ಆಫ್ಟರ್’ ಮಾಡಿದಾಗ ಕಮಾಂಡು ರೂಟ್ ಲೆಕ್ಕದಲ್ಲಿ ಬದುಕಿ ಉಳಿಯಿತು, ಫಂಕ್ಷನ್ ನಡೆಯಿತು, ನಡೆದು ಸತ್ತ ಲೇಬಲ್ಲನ್ನು ಮುಟ್ಟಲು ಹೋಯಿತು. ಹೆಸರು ಬದಲಾದದ್ದು ಅದಕ್ಕಾಗಿ.

‘ರೂಟ್.ಟಿಕೆ.ಇವಾಲ್("ಆಫ್ಟರ್ ಇನ್ಫೋ")’ ಎಂದು ಕೇಳಿ ನೋಡಿ, ಇನ್ನೂ ಕಾದಿರುವ ಟೈಮರುಗಳು ‘ಆಫ್ಟರ್#12’ ಎಂಬಂತಹ ಗುರುತಿನಲ್ಲಿ ಕಾಣುತ್ತವೆ. ‘ಆಫ್ಟರ್’ ಹಿಂದಿರುಗಿಸುವುದೂ ಇದೇ ಗುರುತನ್ನೇ. ಅದನ್ನು ಪ್ರತಿ ಸಲ ಹೂಡುವಾಗಲೂ ಉಳಿಸಿಕೊಂಡು (ಪ್ರತಿ ಸಲ ಅದು ಬದಲಾಗುತ್ತದೆ, ಮೊದಲನೆಯದನ್ನು ಮಾತ್ರ ಇಟ್ಟುಕೊಂಡರೆ ಉಪಯೋಗವಿಲ್ಲ), ವಿಂಡೋ ಮುಚ್ಚುವಾಗ ‘ಆಫ್ಟರ್_ಕ್ಯಾನ್ಸಲ್’ಗೆ ಕೊಡಿ. ಮುಚ್ಚುವ ದಾರಿಗಳು ಹಲವಾಗಿದ್ದರೆ ‘<ಡೆಸ್ಟ್ರಾಯ್>’ ಈವೆಂಟಿಗೆ ಬೈಂಡ್ ಮಾಡುವುದು ಒಳ್ಳೆಯದು. ಆದರೆ ಟಾಪ್‌ಲೆವೆಲ್ ಮೇಲೆ ಮಾಡಿದ ಬೈಂಡ್ ಅದರೊಳಗಿನ ಪ್ರತಿಯೊಂದು ವಿಜೆಟ್ಟಿನ ನಾಶಕ್ಕೂ ಕರೆಯಲ್ಪಡುತ್ತದೆ, ಹಾಗಾಗಿ ‘ಈವೆಂಟ್.ವಿಜೆಟ್ ಈಸ್ ಸೆಟ್ಟಿಂಗ್ಸ್’ ಎಂದು ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹತ್ತು ವಿಜೆಟ್ಟುಗಳ ವಿಂಡೋದಲ್ಲಿ ಹನ್ನೊಂದು ಸಲ ರದ್ದುಮಾಡುತ್ತೀರಿ.

ಪ್ರಶ್ನೆ ಕೇಳಿದವರು

ಆ ಸಂದೇಶ ಹೋಯಿತು. ಇಷ್ಟಾದ ಮೇಲೆ ಪ್ರೋಗ್ರಾಮನ್ನು ಅಚ್ಚುಕಟ್ಟಾಗಿ ಮುಚ್ಚೋಣವೆಂದು ಮುಖ್ಯ ವಿಂಡೋ ಮುಚ್ಚುವಾಗ ‘ನಿಲ್ಲಿಸು’ ಗುರುತು ಏರಿಸಿ, ‘ಥ್ರೆಡ್.ಜಾಯಿನ್()’ ಕರೆದು, ಆಮೇಲೆ ‘ರೂಟ್.ಡೆಸ್ಟ್ರಾಯ್()’ ಎಂದು ಬರೆದೆ. ಹತ್ತರಲ್ಲಿ ಮೂರು ನಾಲ್ಕು ಸಲ ವಿಂಡೋ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ, ಯಾವ ಸಂದೇಶವೂ ಇಲ್ಲ.

ಉತ್ತರ 2

ಪೋರ್ಟ್ ಥ್ರೆಡ್ ಲೇಬಲ್ಲನ್ನು ಈಗಲೂ ನೇರವಾಗಿ ಬದಲಿಸುತ್ತಿದೆಯೇ? ಹಾಗಿದ್ದರೆ ಉತ್ತರ ನಾನು ಮೇಲೆ ಬರೆದದ್ದರಲ್ಲಿಯೇ ಇದೆ. ‘ಲೇಬಲ್.ಕಾನ್ಫಿಗರ್’ ಎಂಬ ಕರೆ ಮುಖ್ಯ ಥ್ರೆಡ್ಡಿನ ಈವೆಂಟ್ ಸಾಲಿಗೆ ಸೇರಿ, ಉತ್ತರ ಬರುವವರೆಗೆ ಪೋರ್ಟ್ ಥ್ರೆಡ್ ಕಾಯುತ್ತದೆ. ಈ ಕಾಯುವಿಕೆಗೆ ಕಾಲಮಿತಿ ಇಲ್ಲ. ಮುಖ್ಯ ಥ್ರೆಡ್ ಅದೇ ಹೊತ್ತಿಗೆ ‘ಜಾಯಿನ್’ನಲ್ಲಿ ಪೋರ್ಟ್ ಥ್ರೆಡ್ ಮುಗಿಯಲೆಂದು ಕಾಯುತ್ತ ಈವೆಂಟುಗಳನ್ನು ನೋಡುವುದನ್ನೇ ಬಿಟ್ಟಿದೆ. ನೀನು ಮೊದಲು, ನೀನು ಮೊದಲು ಎಂದು ಇಬ್ಬರೂ ಬಾಗಿಲಲ್ಲಿ ನಿಂತಿದ್ದಾರೆ. ಥ್ರೆಡ್ ಆ ಕ್ಷಣ ಪೋರ್ಟ್ ಓದುತ್ತಿದ್ದರೆ ಪಾರು, ಲೇಬಲ್ ಬದಲಿಸುತ್ತಿದ್ದರೆ ಸಿಕ್ಕಿಬಿದ್ದಂತೆ. ಅದಕ್ಕೇ ಹತ್ತರಲ್ಲಿ ಮೂರು ನಾಲ್ಕು.

ಬೇರೆ ಥ್ರೆಡ್ಡಿನಿಂದ ಟಿಕಿಂಟರ್ ಅನ್ನು ಮುಟ್ಟಿದರೆ ಕೂಡಲೇ ಅನಾಹುತ ಎಂದು ಹೇಳುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ: ಥ್ರೆಡ್ ಬೆಂಬಲದೊಂದಿಗೆ ಕಟ್ಟಿದ ಟಿಸಿಎಲ್‌ನಲ್ಲಿ ಕರೆಗಳು ಸರಿಯಾದ ಥ್ರೆಡ್ಡಿಗೇ ದಾಟುತ್ತವೆ; 8.6ರಲ್ಲಿ ಅದು ಸಾಮಾನ್ಯ, 2024ರಲ್ಲಿ ಬಂದ 9.0ರಲ್ಲಿ ಥ್ರೆಡ್ ಇಲ್ಲದ ಆವೃತ್ತಿಯೇ ಇಲ್ಲ. ಆದರೂ ಪ್ರತಿ ಕರೆಯೂ ಹೀಗೆ ಕಾಯುವ ಕರೆ ಎಂಬುದನ್ನು ನೆನಪಿಟ್ಟುಕೊಂಡು ಕೋಡ್ ಬರೆಯುವುದು ಯಾರಿಗೂ ಸಾಧ್ಯವಾದದ್ದನ್ನು ನಾನು ಕಂಡಿಲ್ಲ. ಪೋರ್ಟ್ ಥ್ರೆಡ್ ತಾನು ಓದಿದ್ದನ್ನು ‘ಕ್ಯೂ.ಕ್ಯೂ’ಗೆ ಹಾಕಿ ತನ್ನ ಕೆಲಸ ಮುಗಿಸಲಿ. ಮುಖ್ಯ ಥ್ರೆಡ್ 100 ಮಿಲಿಸೆಕೆಂಡಿಗೊಮ್ಮೆ ‘ರೂಟ್.ಆಫ್ಟರ್’ ಮೂಲಕ ಎದ್ದು, ‘ಗೆಟ್_ನೋವೇಟ್()’ನಿಂದ ಕ್ಯೂ ಬರಿದಾಗುವವರೆಗೆ ತೆಗೆದು, ಕೊನೆಯ ಅಂಕಿಯನ್ನು ಮಾತ್ರ ಲೇಬಲ್ಲಿಗೆ ಹಾಕಲಿ. ನಡುವಿನ ಅಂಕಿಗಳನ್ನು ಬರೆದು ಅಳಿಸುವ ವ್ಯರ್ಥ ಕೆಲಸವೂ ತಪ್ಪುತ್ತದೆ.

ಸೀರಿಯಲ್ ಪೋರ್ಟ್ ಓದುವ ಕರೆಗೂ ಕಾಲಮಿತಿ ಕೊಟ್ಟಿದ್ದೀರಾ ನೋಡಿಕೊಳ್ಳಿ. ಕೊಡದಿದ್ದರೆ ಉಪಕರಣ ಸುಮ್ಮನಿರುವಾಗ ಥ್ರೆಡ್ ‘ನಿಲ್ಲಿಸು’ ಗುರುತನ್ನು ನೋಡುವುದೇ ಇಲ್ಲ, ‘ಜಾಯಿನ್’ ಮತ್ತೆ ಕಾಯುತ್ತದೆ, ಆಗ ಟಿಸಿಎಲ್ ಅನ್ನು ಬಯ್ಯುವಂತಿಲ್ಲ.

ಪ್ರಶ್ನೆ ಕೇಳಿದವರು

ಕೊಟ್ಟಿರಲಿಲ್ಲ. ಈಗ ಅರ್ಧ ಸೆಕೆಂಡಿನ ಮಿತಿ ಕೊಟ್ಟಿದ್ದೇನೆ, ಲೇಬಲ್ ಬದಲಿಸುವ ಕೆಲಸವನ್ನು ಕ್ಯೂಗೆ ಸಾಗಿಸಿದ್ದೇನೆ. ಪೋರ್ಟ್ ಥ್ರೆಡ್ಡಿನಲ್ಲಿ ‘ಜಿಸಿ.ಕಲೆಕ್ಟ್()’ ಸಾಲನ್ನು ಹಾಗೆಯೇ ಇಟ್ಟುಕೊಂಡು, ಸೆಟ್ಟಿಂಗ್ಸ್ ವಿಂಡೋವನ್ನು ಸ್ಕ್ರಿಪ್ಟ್ ಮೂಲಕ ಇನ್ನೂರು ಸಲ ತೆರೆದು ಮುಚ್ಚಿಸಿದೆ. ಟರ್ಮಿನಲ್ಲಿನಲ್ಲಿ ಒಂದು ಸಾಲೂ ಬರಲಿಲ್ಲ. ಕೊನೆಯಲ್ಲಿ ‘ಆಫ್ಟರ್ ಇನ್ಫೋ’ ಕೇಳಿದಾಗ ಒಂದೇ ಗುರುತು ಕಾಣಿಸಿತು, ಅದು ಕ್ಯೂ ನೋಡುವ ಟೈಮರಿನದು. ಮುಖ್ಯ ವಿಂಡೋ ಮುಚ್ಚುವಾಗ ಅದನ್ನೂ ರದ್ದುಮಾಡಬೇಕೆಂದು ಆಗ ಹೊಳೆಯಿತು, ಸೇರಿಸಿದ್ದೇನೆ. ಪರೀಕ್ಷೆಯ ‘ಜಿಸಿ.ಕಲೆಕ್ಟ್()’ ಸಾಲನ್ನು ಇವತ್ತು ತೆಗೆಯುತ್ತೇನೆ.